ಪದವಿ ಟೆಕ್ಸಾಸ್‌ನಲ್ಲಿ, ಸಂಭ್ರಮ ಹೊಸನಗರದಲ್ಲಿ: ನಡುವೆ ಕೃತ್ತಿಕೆ ಮಳೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗಳು ಟೆಕ್ಸಾಸ್‌ನಲ್ಲಿ ಎಂ.ಎಸ್. ಮುಗಿಸುತ್ತಿದ್ದಾಳೆ. ಮೇ 16, ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿ ಘಟಿಕೋತ್ಸವ. ನಾವಿಬ್ಬರೂ ಹೋಗುವ ಆಸೆ ಇತ್ತು, ವೀಸಾ ಸಂದರ್ಶನಕ್ಕೆ ತಾರೀಕು ಸಿಗಲಿಲ್ಲ. ಕಾರ್ಯಕ್ರಮ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದಂತೆ. ನೆಂಟರು, ಅಕ್ಕಪಕ್ಕದವರು ಅಂತ ನಲವತ್ತು ಜನರನ್ನು ಕರೆದು, ದೊಡ್ಡ ಟಿ.ವಿ. ಇಟ್ಟು ತೋರಿಸಿ, ಎಲ್ಲರೂ ಅವಳ ಜೊತೆ ಮಾತಾಡಿ, ಊಟ ಮಾಡಿ ಹೋಗಲಿ ಎಂದು ನನ್ನ ಆಸೆ. ಮನೆಗೆ ಫೈಬರ್ ಇಂಟರ್ನೆಟ್ ಇದೆ. ಆದರೆ ಮೇ ತಿಂಗಳಲ್ಲಿ ಸಂಜೆಯಾದರೆ ಗುಡುಗು, ಕರೆಂಟು ಹೋಗುತ್ತದೆ. ಮೊಬೈಲ್ ಸಿಗ್ನಲ್ ಅಂಗಳದ ತುದಿಯಲ್ಲಿ ಮಾತ್ರ. ಶಿವಮೊಗ್ಗದಲ್ಲಿ ಹಾಲ್ ಬುಕ್ ಮಾಡೋಣ ಅಂತ ಮೈದುನ ಹೇಳುತ್ತಾನೆ. ನಮ್ಮತ್ತೆಗೆ 84 ವರ್ಷ, ಅಷ್ಟು ದೂರ ಬರಲಾರರು. ಮಗಳು, "ಸುಮ್ನೆ ಯಾಕಮ್ಮಾ, ರೆಕಾರ್ಡಿಂಗ್ ಕಳಿಸ್ತೀನಿ ಬಿಡು" ಅಂತಾಳೆ. ನಮ್ಮ ಹಳ್ಳಿಯಲ್ಲಿ ಇದೆಲ್ಲ ಆಗುತ್ತದಾ? ಹುಡುಗಿಯೇ ಇಲ್ಲದೆ ಊಟ ಹಾಕಿಸುವುದು ಅತಿಯಾಯಿತಾ?

ಉತ್ತರ: ಆಗುತ್ತದೆ. ನೀವು ಬರೆದಿರುವ ಹಾಗೆ ಒಂದೇ ರಾತ್ರಿಯಲ್ಲಿ ಎಲ್ಲವೂ ಆಗುವುದು ಮಾತ್ರ ಕಷ್ಟ.

ಶಿವಮೊಗ್ಗ ಸುತ್ತಮುತ್ತ ಮದುವೆ, ಉಪನಯನ, ಗೃಹಪ್ರವೇಶಗಳ ಲೈವ್ ಮಾಡಿಕೊಡುವುದು ನನ್ನ ಕೆಲಸ. 2020ರ ಲಾಕ್‌ಡೌನ್‌ಗೆ ಮುಂಚೆ ಇದನ್ನು ಕೇಳುವವರು ಕಡಿಮೆ. ಆಮೇಲೆ ಐವತ್ತೇ ಜನರ ಮದುವೆಗಳು ಬಂದವಲ್ಲ, ಆಗ ಕ್ಯಾಮೆರಾದವನಿಗಿಂತ ಮೊದಲು ಲೈವ್‌ನವನನ್ನು ಹುಡುಕಿದರು. ಈಚೆಗೆ ಕೆಲಸ ತಿರುವುಮುರುವು ಆಗಿದೆ. ಇಲ್ಲಿನದನ್ನು ಅಲ್ಲಿಗೆ ಕಳಿಸುವುದಲ್ಲ, ಅಲ್ಲಿನದನ್ನು ನಮ್ಮ ಜಗುಲಿಯಲ್ಲಿ ಕೂತವರಿಗೆ ತೋರಿಸುವುದು. ನಿಮ್ಮಂಥ ಪ್ರಶ್ನೆ ನನಗೆ ಪ್ರತಿ ಏಪ್ರಿಲ್‌ನಲ್ಲಿ ಬರುತ್ತದೆ.

ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗಿರುವ ಭಯ ನೆಟ್‌ವರ್ಕಿನದು ಅಂತ ನನಗೆ ಅನ್ನಿಸಲಿಲ್ಲ. ನಲವತ್ತು ಜನರನ್ನು ಕೂರಿಸಿಕೊಂಡು, ಮಗಳ ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ ಟಿ.ವಿ.ಯಲ್ಲಿ ಚಕ್ರ ಗಿರಗಿರ ತಿರುಗುತ್ತಾ ನಿಂತುಬಿಟ್ಟರೆ? ಅದು ನಿಮ್ಮ ಭಯ, ಅಲ್ವಾ? ಅದು ನ್ಯಾಯವಾದ ಭಯ. ನನಗೇ ಹಾಗೆ ಆಗಿದೆ, ಮುಂದೆ ಹೇಳುತ್ತೇನೆ.

ಮೊದಲು ಗಡಿಯಾರ ನೋಡೋಣ. ಮೇ ತಿಂಗಳಲ್ಲಿ ಟೆಕ್ಸಾಸ್‌ನ ಬಹುಪಾಲು ಜಾಗ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಒಂಬತ್ತೂವರೆ ಅಂದರೆ ಇಲ್ಲಿ ರಾತ್ರಿ ಎಂಟು. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ವ್ಯತ್ಯಾಸ ಹನ್ನೊಂದೂವರೆ. ಡಿಸೆಂಬರ್‌ನಲ್ಲಿ ಯಾರದೋ ಮನೆಯಲ್ಲಿ ಹಾಕಿದ್ದ ಲೆಕ್ಕ ನಂಬಿ ಮೇ ತಿಂಗಳಲ್ಲಿ ಒಂಬತ್ತಕ್ಕೆ ಟಿ.ವಿ. ಹಾಕಿದವರಿದ್ದಾರೆ. ಇನ್ನು ಮೇ 16 ಅಂದರೆ ಕೃತ್ತಿಕೆ ಮಳೆಯ ನಡುಮಧ್ಯ. ಮುಂಗಾರಿನ ಜಿಟಿಜಿಟಿ ಅಲ್ಲ ಅದು. ಮಧ್ಯಾಹ್ನ ಬೆಂದು, ಸಂಜೆ ಮೋಡ ಕಟ್ಟಿ, ರಾತ್ರಿಯೊಳಗೆ ಗುಡುಗು ಮಿಂಚು ಹೊಡೆದು ಹೋಗುವ ಮಳೆ. ರಾತ್ರಿ ಎಂಟು ಅಂದರೆ ನಮ್ಮ ಕಡೆ ಕರೆಂಟು ನಂಬುವ ಹೊತ್ತೇ ಅಲ್ಲ. ಬೆಳಿಗ್ಗೆ ನೋಡಿ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಸಲಹೆ ಪೂರ್ತಿ ಇದರ ಮೇಲೆಯೇ ನಿಂತಿದೆ.

"ಮಳೆ ಬಂದರೆ ಸಿಗ್ನಲ್ ಹೋಗುತ್ತದೆ" ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಡಿಶ್ ಟಿ.ವಿ.ಗೆ ಇದು ಪೂರ್ತಿ ನಿಜ, ಉಪಗ್ರಹದಿಂದ ಬರುವ ಆ ಹೆಚ್ಚು ಫ್ರೀಕ್ವೆನ್ಸಿಯ ತರಂಗಗಳನ್ನು ದಪ್ಪ ಮಳೆ ನುಂಗಿಬಿಡುತ್ತದೆ. ಮೊಬೈಲ್ ತರಂಗಗಳಿಗೆ ಮಳೆಹನಿ ಅಂಥ ತೊಂದರೆ ಕೊಡುವುದಿಲ್ಲ. ಫೈಬರ್‌ನಲ್ಲಿ ಬರುವುದು ಗಾಜಿನ ಎಳೆಯೊಳಗಿನ ಬೆಳಕು, ಅದಕ್ಕೆ ಮಳೆ ಗೊತ್ತೇ ಇಲ್ಲ. ಹಾಗಾದರೆ ಮಳೆ ಬಂದಾಗ ಎಲ್ಲ ನಿಲ್ಲುವುದೇಕೆ? ಟವರಿಗೆ ಕರೆಂಟು ಹೋಗಿ, ಅದರ ಬ್ಯಾಟರಿ ಖಾಲಿಯಾಗಿ. ಮರದ ಕೊಂಬೆ ಬಿದ್ದು, ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಹರಿದು. ಅಥವಾ ಬರೀ ನಿಮ್ಮ ಮನೆಯ ರೂಟರ್ ಆಫ್ ಆಗಿ. ಈ ಮೂರರಲ್ಲಿ ಕೊನೆಯದನ್ನು ನೀವೇ ಸರಿಮಾಡಬಹುದು. ಮೊದಲ ಎರಡಕ್ಕೆ ಬದಲಿ ದಾರಿ ಇಟ್ಟುಕೊಳ್ಳಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಸ್ಪೀಡಿನದು. "ನೂರು ಎಂಬಿಪಿಎಸ್ ಪ್ಲ್ಯಾನ್ ಹಾಕಿಸಬೇಕಾ ಸರ್?" ಅಂತ ಕೇಳುತ್ತಾರೆ. ಬೇಡ. ಯೂಟ್ಯೂಬ್ ನೋಡುವಾಗ ನಿಮ್ಮ ಮನೆಗೆ ಬರೀ ಬರುವ ದಾರಿ ಸಾಕು. ಅದೂ ಸ್ವಲ್ಪ ಮುಂದಾಗಿ ತುಂಬಿಸಿಟ್ಟುಕೊಂಡು ಓಡುತ್ತದೆ, ನಡುವೆ ಒಂದೆರಡು ಸೆಕೆಂಡ್ ಲೈನ್ ಕುಂಟಿದರೂ ಗೊತ್ತಾಗುವುದಿಲ್ಲ. ವಿಡಿಯೋ ಕಾಲ್ ಹಾಗಲ್ಲ. ಅದರಲ್ಲಿ ನಿಮ್ಮ ಮುಖವೂ ಇಲ್ಲಿಂದ ಹೋಗಬೇಕು, ಆ ಕ್ಷಣಕ್ಕೇ ಹೋಗಬೇಕು. ಹಾಗೆ ಹೋಗುವ ದಾರಿಗೆ ಒಂದೂವರೆ ಎಂಬಿಪಿಎಸ್ ಇದ್ದರೂ ಚೆನ್ನಾಗಿ ಕಾಣುತ್ತದೆ, ಆದರೆ ಅದು ಕಡಿಯದೆ ಇರಬೇಕು. ನೋಡುವುದು ಬೇರೆ, ಮಾತಾಡುವುದು ಬೇರೆ. ನಮ್ಮ ಕಡೆ ಕೆಡುವ ಕಾರ್ಯಕ್ರಮಗಳು ಬಹುಪಾಲು ಕೆಡುವುದು ಇವೆರಡನ್ನೂ ಒಂದೇ ಹೊತ್ತಿಗೆ, ಒಂದೇ ಲೈನಿನಲ್ಲಿ ಮಾಡಲು ಹೋಗಿ.

ನಾನು ಕೆಡಿಸಿದ್ದು ಹೀಗೆ. ಸಾಗರದ ಹತ್ತಿರ ಒಂದು ಮನೆ. ಮೊಮ್ಮಗನ ಪದವಿ ಅಮೆರಿಕದಲ್ಲಿ. ಟಿ.ವಿ.ಗೆ ಯೂಟ್ಯೂಬ್ ಹಾಕಿದ್ದೆ, ಎಲ್ಲ ಚೆನ್ನಾಗಿ ಓಡುತ್ತಿತ್ತು. ಯೂಟ್ಯೂಬ್ ಲೈವ್ ಅಂದರೂ ಅಲ್ಲಿ ನಡೆದದ್ದು ಇಲ್ಲಿ ಕಾಣಲು ಅರ್ಧ ನಿಮಿಷದವರೆಗೂ ತಡವಾಗುತ್ತದೆ. ಅದು ನನಗೆ ಗೊತ್ತಿತ್ತು, ಮನೆಯವರಿಗೆ ಹೇಳಿರಲಿಲ್ಲ. ಆ ಹುಡುಗನ ಗೆಳೆಯ ಅಲ್ಲೇ ಸಭಾಂಗಣದಲ್ಲಿ ಕೂತು ಫ್ಯಾಮಿಲಿ ಗ್ರೂಪಿಗೆ "ಕಂಗ್ರಾಟ್ಸ್!" ಅಂತ ಹಾಕಿಬಿಟ್ಟ. ಇಲ್ಲಿ ಚಿಕ್ಕಮ್ಮನ ಮೊಬೈಲ್ ಟಿಣ್ ಅಂದಿತು. ಅವರು "ಆಯ್ತಂತೆ!" ಅಂತ ಕೂಗಿದರು. ಎಲ್ಲರೂ ಎದ್ದು ನಿಂತು ಮಾತು, ನಗು, ಒಬ್ಬರಿಗೊಬ್ಬರು ಮೊಬೈಲ್ ತೋರಿಸುವುದು. ಹುಡುಗ ನಿಜವಾಗಿ ಟಿ.ವಿ.ಯಲ್ಲಿ ವೇದಿಕೆ ಹತ್ತಿ, ಕೈಕುಲುಕಿ, ಇಳಿದು ಹೋದಾಗ ನೋಡಿದ್ದು ನಾನು ಮತ್ತು ಅವರ ನಾಯಿ. ಅಜ್ಜನ ಮುಂದೆ ಅಷ್ಟು ಹೊತ್ತಿಗೆ ಯಾರೋ ನಿಂತಿದ್ದರು. ಅಂದಿನಿಂದ, ಲೈವ್ ನೋಡುವ ಕೋಣೆಯಲ್ಲಿ ಮೊಬೈಲ್ ಎಲ್ಲ ಒಂದು ಬುಟ್ಟಿಗೆ ಹಾಕಿಸುತ್ತೇನೆ. ಅಡಿಕೆ ಬುಟ್ಟಿ ಆದರೂ ಸರಿ.

ಅದಕ್ಕೇ ನನ್ನ ಸಲಹೆ: ಶನಿವಾರ ರಾತ್ರಿ ಮನೆಯವರು ಮಾತ್ರ ನೋಡಿ. ಊಟ, ನೆಂಟರು, ಮಗಳ ಜೊತೆ ಮಾತು, ಎಲ್ಲವನ್ನೂ ಭಾನುವಾರ ಬೆಳಿಗ್ಗೆಗೆ ಇಡಿ. ಇಲ್ಲಿ ಬೆಳಿಗ್ಗೆ ಎಂಟು ಅಂದರೆ ಅವಳಿಗೆ ಶನಿವಾರ ರಾತ್ರಿ ಒಂಬತ್ತೂವರೆ. ಗಲಾಟೆ ಮುಗಿದು ರೂಮಿಗೆ ಬಂದಿರುತ್ತಾಳೆ. ನಿಮಗೆ ಕರೆಂಟು ಇರುವ ಸಾಧ್ಯತೆ ಜಾಸ್ತಿ, ಲೈನಿನ ಮೇಲೆ ಒತ್ತಡ ಕಡಿಮೆ, ಅತ್ತೆಯವರಿಗೂ ಎಚ್ಚರವಿರುವ ಹೊತ್ತು. ರಾತ್ರಿ ಕೊಂಬೆ ಬಿದ್ದು ಲೈವ್ ತಪ್ಪಿಹೋದರೂ, ಬೆಳಿಗ್ಗೆ ನೆಂಟರಿಗೆ ತೋರಿಸಲು ರೆಕಾರ್ಡಿಂಗ್ ಇರುತ್ತದೆ. ಇಂಥ ಲೈವ್‌ಗಳನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಯೂಟ್ಯೂಬ್‌ನಲ್ಲಿ ಹಾಗೇ ಉಳಿಸಿರುತ್ತವೆ. ಎರಡೂವರೆ ಗಂಟೆ ಯಾರೂ ಕೂರಬೇಕಿಲ್ಲ. ಅವಳು ವೇದಿಕೆಗೆ ಬರುವ ಜಾಗ ಗುರುತು ಮಾಡಿಟ್ಟುಕೊಂಡು, ಅದರ ಹಿಂದುಮುಂದಿನ ಎರಡು ನಿಮಿಷ ಹಾಕಿ. ಮೂರು ಸಲ ಹಾಕಿದರೂ ಯಾರೂ ಬೇಡ ಅನ್ನುವುದಿಲ್ಲ.

ಆದರೆ ಈಗಲೇ ಮಗಳಿಗೆ ಫೋನ್ ಮಾಡಿ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಅಮೆರಿಕದ ಎಷ್ಟೋ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎರಡು ಸಮಾರಂಭ ಇರುತ್ತವೆ. ಒಂದು ಇಡೀ ವಿಶ್ವವಿದ್ಯಾಲಯದ್ದು. ಅದರಲ್ಲಿ ಭಾಷಣ, ಮೆರವಣಿಗೆ, ಎಲ್ಲರಿಗೂ ಒಟ್ಟಿಗೆ ಪದವಿ ಘೋಷಣೆ. ಇನ್ನೊಂದು ವಿಭಾಗ ಅಥವಾ ಕಾಲೇಜಿನದು. ಒಬ್ಬೊಬ್ಬರ ಹೆಸರು ಕರೆಯುವುದು ಅದರಲ್ಲಿ. ಮೂರು ಗಂಟೆ ಕೂತು ತಪ್ಪು ಸಮಾರಂಭ ನೋಡಿ, "ಇವಳ ಹೆಸರೇ ಕರೆಯಲಿಲ್ಲವಲ್ಲ" ಅಂತ ಗಾಬರಿಯಾದ ತಾಯಿ ತಂದೆಯರನ್ನು ನಾನು ನೋಡಿದ್ದೇನೆ. ಹೆಸರು ಕರೆಯುವುದು ಯಾವುದರಲ್ಲಿ, ಅದರ ಲಿಂಕ್ ಯಾವುದು, ಇವಳು ಸುಮಾರು ಎಷ್ಟನೆಯವಳು, ಮೂರೂ ಕೇಳಿ. ಒಂದು ಹೆಸರಿಗೆ ಐದಾರು ಸೆಕೆಂಡ್ ಅಂತ ಇಟ್ಟುಕೊಂಡರೆ ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಅಂದಾಜು ಸಿಗುತ್ತದೆ. ಅವಳ ಹೆಸರು ಹೇಗೆ ಹೇಳಬೇಕು ಅಂತ ಮೊದಲೇ ಬರೆದೋ ರೆಕಾರ್ಡ್ ಮಾಡಿಯೋ ಕೊಡಲು ಕೆಲವು ಕಡೆ ಅವಕಾಶ ಇದೆ. ಇದ್ದರೆ ಕೊಡಲಿ. ನಮ್ಮ "ಳ", "ಣ" ಅವರ ಬಾಯಲ್ಲಿ ಏನೇನೋ ಆಗುತ್ತವೆ, ಮನೆಯವರಿಗೇ ಗುರುತು ಸಿಗುವುದಿಲ್ಲ.

ಜೊತೆಗೆ ಇದನ್ನೂ ಅತ್ತೆಯವರಿಗೆ ಮೊದಲೇ ಹೇಳಿಡಿ: ವೇದಿಕೆಯಲ್ಲಿ ಕೊಡುವುದು ಹೆಚ್ಚಾಗಿ ಪ್ರಮಾಣಪತ್ರ ಇಡುವ ಖಾಲಿ ಫೋಲ್ಡರ್. ಅಂಕಗಳೆಲ್ಲ ಖಚಿತವಾದ ಮೇಲೆ, ಕೆಲವು ವಾರ ಬಿಟ್ಟು, ಅಸಲಿ ಪ್ರಮಾಣಪತ್ರ ಬರುತ್ತದೆ. "ಬಿಚ್ಚಿ ತೋರಿಸು ಮಗಾ" ಅಂತ ಅಜ್ಜಿ ಕೇಳಿ, ಹುಡುಗಿ ತಬ್ಬಿಬ್ಬಾಗುವುದು ಬೇಡ.

ಶನಿವಾರದ ತಯಾರಿ ಜಾಸ್ತಿ ಏನಿಲ್ಲ. ರೂಟರ್‌ಗೆ ಅಂತಲೇ ಪುಸ್ತಕದಷ್ಟು ಗಾತ್ರದ ಚಿಕ್ಕ ಯುಪಿಎಸ್ ಬರುತ್ತದೆ, ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಫೈಬರ್ ಡಬ್ಬಿ ಮತ್ತು ವೈಫೈ ರೂಟರ್ ಎರಡು ಬೇರೆ ಬೇರೆ ಇದ್ದರೆ ಎರಡಕ್ಕೂ ಕರೆಂಟು ಬೇಕು, ಒಂದನ್ನು ಮರೆಯಬೇಡಿ. ಮನೆಯಲ್ಲಿ ಇನ್ವರ್ಟರ್ ಇದೆ ಅಂತೀರಾ? ಅದರ ಹಿಂಬದಿಯಲ್ಲೋ ಮುಂಬದಿಯಲ್ಲೋ ಯುಪಿಎಸ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಆಫ್ ಇದ್ದರೆ ಕರೆಂಟು ಹೋದ ಕ್ಷಣ ಫ್ಯಾನು ದೀಪಕ್ಕೆ ಏನೂ ಆಗದಿದ್ದರೂ ರೂಟರ್ ಒಮ್ಮೆ ಸತ್ತು ಹುಟ್ಟುತ್ತದೆ. ಅದು ಮತ್ತೆ ಲೈನ್ ಹಿಡಿಯಲು ಎರಡು ಮೂರು ನಿಮಿಷ. ಆ ಎರಡು ನಿಮಿಷದಲ್ಲಿ ಇಪ್ಪತ್ತು ಜನ ವೇದಿಕೆ ಹತ್ತಿ ಇಳಿದಿರುತ್ತಾರೆ. ಹಿಂದಿನ ದಿನ ಮೇನ್ ಸ್ವಿಚ್ ಆಫ್ ಮಾಡಿ ಒಮ್ಮೆ ನೋಡಿಬಿಡಿ. ಹಾಗೇ ಆ ಸಂಜೆ ನಿಮ್ಮ ಫೈಬರ್ ಹುಡುಗನಿಗೂ ಒಂದು ಫೋನ್ ಮಾಡಿ, ಅವನ ಕಡೆಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ. ನಿಮ್ಮ ರೂಟರ್ ಎಚ್ಚರವಿದ್ದು ಅವನ ಡಬ್ಬಿ ಮಲಗಿದರೆ ಪ್ರಯೋಜನವಿಲ್ಲ.

ಸಿಡಿಲು ಹತ್ತಿರ ಹೊಡೆಯುತ್ತಿದ್ದರೆ ಮಾತ್ರ ಮುಲಾಜು ಬೇಡ. ಟಿ.ವಿ., ರೂಟರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತುಬಿಡಿ. ಫೈಬರ್ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಅಡಾಪ್ಟರ್ ಇರುವುದು ಕರೆಂಟಿನ ತಂತಿಯಲ್ಲೇ. ಗೋಡೆಯಿಂದ ಕಿತ್ತರೂ ಚಿಕ್ಕ ಯುಪಿಎಸ್‌ನ ಬ್ಯಾಟರಿ ಮೇಲೆ ರೂಟರ್ ಓಡುತ್ತಿರುತ್ತದೆ, ಚಾರ್ಜ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮುಂದಿನದನ್ನು ನೋಡಿ. ಮನೆಯವರೇ ಆರೇಳು ಜನ ತಾನೆ, ಲ್ಯಾಪ್‌ಟಾಪ್ ಸಾಕು. ನಲವತ್ತು ಜನ ಇದ್ದಿದ್ದರೆ? ಅದಕ್ಕೇ ಹೇಳಿದ್ದು.

ಬದಲಿ ದಾರಿಗೆ, ಫೈಬರ್ ಕೊಟ್ಟ ಕಂಪನಿಯದಲ್ಲದ ಬೇರೆ ಸಿಮ್ ಇರುವ ಒಂದು ಮೊಬೈಲ್. ಅಂಗಳದ ತುದಿಯಲ್ಲಿ ಸಿಗ್ನಲ್ ಇದೆ ಅಂದಿರಲ್ಲ, ಅದನ್ನು ಅಲ್ಲಿ ಎತ್ತರಕ್ಕೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಹಾಟ್‌ಸ್ಪಾಟ್ ಆನ್ ಮಾಡಿ. ಅಂಗಳಕ್ಕೆ ಹತ್ತಿರದ ಜಗುಲಿಯಲ್ಲಿ ಕೂತರೆ ವೈಫೈ ಸಿಗುತ್ತದೆ. ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳು ಛತ್ರಿ ಹಿಡಿದು ಗುಡ್ಡದ ಮೇಲೆ ಕ್ಲಾಸು ಕೇಳಿದವರು, ಇದು ಅದರ ಮುಂದೆ ಎಷ್ಟರದು? ಯೂಟ್ಯೂಬ್‌ನಲ್ಲಿ ಗುಣಮಟ್ಟವನ್ನು 480ಕ್ಕೆ ಇಳಿಸಿಕೊಳ್ಳಿ. ಗಂಟೆಗೆ ಸುಮಾರು ಅರ್ಧ ಜಿಬಿ ಹೋಗುತ್ತದೆ, ಮುಖ ಚೆನ್ನಾಗಿಯೇ ಕಾಣುತ್ತದೆ.

ನಿಮ್ಮ ಮೈದುನ ಹೇಳುವ ಶಿವಮೊಗ್ಗದ ಹಾಲ್ ಕೆಟ್ಟದ್ದೇನಲ್ಲ. ಜನರೇಟರ್ ಇರುತ್ತದೆ, ದೊಡ್ಡ ಪರದೆ ಇರುತ್ತದೆ. ಆದರೆ ಹಾಲಿನ ವೈಫೈ ನಂಬಿ ಕೈ ಸುಟ್ಟುಕೊಂಡಿದ್ದೇನೆ, ಬುಕಿಂಗ್ ಮಾಡುವಾಗ "ಇದೆ ಸರ್" ಅಂತಾರೆ, ಅವತ್ತು ಪಾಸ್‌ವರ್ಡ್ ಗೊತ್ತಿರುವ ಹುಡುಗ ರಜೆಯಲ್ಲಿರುತ್ತಾನೆ. ಅದಕ್ಕಿಂತ ದೊಡ್ಡ ಮಾತು ದಾರಿಯದು. ಸಮಾರಂಭ ಮುಗಿಯುವುದೇ ಹತ್ತೂವರೆಗೆ. ಕೃತ್ತಿಕೆ ಮಳೆಯಲ್ಲಿ, ಮರ ಬೀಳುವ ರಸ್ತೆಯಲ್ಲಿ, ಮಧ್ಯರಾತ್ರಿ ನಲವತ್ತು ಜನ ವಾಪಸ್ ಹೋಗಬೇಕು. ಮತ್ತು ಯಾರಿಗೆ ತೋರಿಸಬೇಕೋ ಆ ಅಜ್ಜಿಯೇ ಇರುವುದಿಲ್ಲ. ಇನ್ನು ನನ್ನಂಥವರನ್ನು ಕರೆಸುವ ಮಾತು. ಬಾಡಿಗೆ ಬರುತ್ತದೆ ಅಂತ ನಾನು ಹ್ಞೂಂ ಅನ್ನಬೇಕು. ಆದರೆ ನೋಡುವುದಕ್ಕೆ ನಾವು ಬೇಕಿಲ್ಲ. ನಾಲ್ಕಾರು ಸಿಮ್ ಒಟ್ಟು ಸೇರಿಸುವ ಯಂತ್ರ ನಮ್ಮಲ್ಲಿದೆ, ನಿಜ. ನಿಮ್ಮ ಮನೆಯೊಳಗೆ ಒಂದು ಸಿಮ್ಮಿಗೂ ಸಿಗ್ನಲ್ ಇಲ್ಲ ಅಂದಮೇಲೆ ನಾಲ್ಕು ಸೊನ್ನೆ ಕೂಡಿಸಿದರೂ ಸೊನ್ನೆಯೇ.

ಭಾನುವಾರದ ವಿಡಿಯೋ ಕಾಲ್ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ದೊಡ್ಡಪ್ಪ, ದುಬೈನ ಅಣ್ಣ, ಅವಳ ಕಾಲೇಜಿನ ಗೆಳತಿಯರು ಎಲ್ಲ ಸೇರುತ್ತಾರೆ ಅಂದರೆ ವಾಟ್ಸ್‌ಆ್ಯಪ್‌ನಲ್ಲೂ 32 ಜನರವರೆಗೆ ಆಗುತ್ತದೆ, ಆದರೆ ಟಿ.ವಿ.ಯಲ್ಲಿ ತೋರಿಸಲು ಝೂಮ್ ಅಥವಾ ಗೂಗಲ್ ಮೀಟ್ ಸಲೀಸು. ಝೂಮ್ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಡಿದುಹೋಗುತ್ತದೆ. ಮೂವರು ಅಥವಾ ಜಾಸ್ತಿ ಜನ ಇದ್ದರೆ ಮೀಟ್‌ನಲ್ಲಿ 60 ನಿಮಿಷ. ನನ್ನ ಕೇಳಿದರೆ 40 ನಿಮಿಷವೇ ಒಳ್ಳೆಯದು, ಯಾವಾಗ ನಿಲ್ಲಿಸಬೇಕು ಅಂತ ಯಾರೂ ನಿಷ್ಠುರ ಆಗಬೇಕಿಲ್ಲ. ಹುಡುಗಿಗೂ ನಿದ್ದೆ ಬರಬೇಕಲ್ಲ. ಕರೆ ನಡೆಸುವ ಜವಾಬ್ದಾರಿ ನಿಮಗೂ ಬೇಡ, ಅವಳಿಗೂ ಬೇಡ. ಬೆಂಗಳೂರಿನಲ್ಲಿರುವ, ಕರೆಂಟು ಹೋಗದ ಮನೆಯ ಯಾವುದಾದರೂ ಸೋದರಳಿಯನಿಗೆ ಕೊಡಿ. ನಿಮ್ಮ ಲೈನ್ ಕಡಿದರೂ ಕರೆ ನಡೆಯುತ್ತಿರುತ್ತದೆ, ನೀವು ಮತ್ತೆ ಒಳಗೆ ಹೋದರಾಯಿತು.

ಒಂದು ಕೋಣೆಯಲ್ಲಿ ಒಂದೇ ಫೋನು ಅಥವಾ ಲ್ಯಾಪ್‌ಟಾಪ್ ಕರೆಯಲ್ಲಿರಲಿ. ಇನ್ನೊಬ್ಬರು ಅಲ್ಲೇ ತಮ್ಮ ಮೊಬೈಲಿನಿಂದ ಸೇರಿದರೆ ಕುಂಯ್ ಅಂತ ಕಿವಿ ಹರಿಯುವ ಶಬ್ದ ಶುರುವಾಗುತ್ತದೆ. ತಗಡಿನ ಶೀಟಿನ ಕೆಳಗೆ ಕೂರಬೇಡಿ. ನಾಲ್ಕು ಹನಿ ಬಿದ್ದರೂ ಅಲ್ಲಿ ಕೇಳುವುದು ಬರೀ ಡಬಡಬ. ಹಂಚಿನ ಕೆಳಗಿನ ನಡುಮನೆ ಒಳ್ಳೆಯದು.

ಆರತಿ ಮಾಡುತ್ತೀರಿ ಅಂತ ಅಂದುಕೊಂಡಿದ್ದೇನೆ. ಹಾಗಿದ್ದರೆ ಇದು ಕೇಳಿ. ಈ ಆ್ಯಪ್‌ಗಳಿಗೆ ಮನುಷ್ಯರ ಮಾತು ಮಾತ್ರ ಬೇಕು, ಉಳಿದದ್ದೆಲ್ಲ ಗದ್ದಲ ಅಂತ ಅಳಿಸಿಹಾಕುತ್ತವೆ. ಜೀರುಂಡೆ ಶಬ್ದ ಹೋದರೆ ಒಳ್ಳೆಯದೇ. ಆದರೆ ಜಾಗಟೆ, ಗಂಟೆ, ಶಂಖವೂ ಹೋಗುತ್ತವೆ. ಒಂದು ಉಪನಯನದಲ್ಲಿ ಮಂಗಳಾರತಿ ಹೊತ್ತಿಗೆ ಜಾಗಟೆ ಹೊಡೆಯುವವನ ಕೈ ಆಡುವುದು ಮಾತ್ರ ಕಾಣುತ್ತಿತ್ತಂತೆ, ಶಬ್ದವೇ ಇಲ್ಲ. ಆಮೇಲೆ ಫೋನ್ ಮಾಡಿ ಬೈದರು. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ, ಆರತಿಯ ಹೊತ್ತಿಗೆ ಅದನ್ನು ಆನ್ ಮಾಡಿ. ವಯಸ್ಸಾದವರ ಮೆಲುದನಿಯನ್ನೂ ಈ ಆ್ಯಪ್ ಹೀಗೇ ನುಂಗುತ್ತದೆ. ಅಜ್ಜಿ ಮಾತಾಡುವಾಗ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಮೈಕ್ ಅವರಿಗೆ ಒಂದು ಮೊಳದೊಳಗೆ ಇರಲಿ.

ಲಿಂಕ್ ವಿಷಯದಲ್ಲಿ ಒಂದು ಎಚ್ಚರಿಕೆ. ಘಟಿಕೋತ್ಸವಗಳ ಹೆಸರಿನಲ್ಲಿ ಫೇಸ್‌ಬುಕ್‌ನಲ್ಲಿ ಕಳ್ಳ ಲೈವ್ ಲಿಂಕ್‌ಗಳು ಓಡಾಡುತ್ತವೆ, ಒತ್ತಿದರೆ ಕಾರ್ಡ್ ನಂಬರ್ ಕೇಳುತ್ತವೆ. ಮಗಳು ಕಳಿಸಿದ ಲಿಂಕ್ ಬಿಟ್ಟು ಬೇರೆ ಮುಟ್ಟಬೇಡಿ. ನಿಮ್ಮ ಝೂಮ್ ಲಿಂಕನ್ನೂ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ.

"ಸುಮ್ನೆ ಯಾಕಮ್ಮಾ" ಅಂತ ಮಗಳು ಹೇಳಿದ್ದಕ್ಕೆ ಬರುತ್ತೇನೆ. ಅವಳು ಬೇಡ ಅನ್ನುತ್ತಿರುವುದು ಏನನ್ನು ಅಂತ ಕೇಳಿದ್ದೀರಾ? ನನ್ನ ಅನುಭವದಲ್ಲಿ ಈ ಮಕ್ಕಳು ಸಂಭ್ರಮ ಬೇಡ ಅನ್ನುವುದಿಲ್ಲ. ವೇದಿಕೆ ಇಳಿದ ತಕ್ಷಣ, ಗೆಳೆಯರು ಫೋಟೋಗೆ ಎಳೆಯುತ್ತಿರುವಾಗ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ನಲವತ್ತು ಜನರಿಗೆ "ಚೆನ್ನಾಗಿದ್ದೀನಿ ಅತ್ತೆ, ಊಟ ಆಯ್ತು ಮಾವ" ಅನ್ನುವುದು ಬೇಡ ಅನ್ನುತ್ತಾರೆ. ಅದು ಅವಳ ದಿನ, ಅಲ್ಲಿನ ಗೆಳೆಯರ ಜೊತೆ ಕಳೆಯಲಿ. ರಾತ್ರಿ ಒಂಬತ್ತೂವರೆಗೆ ನಲವತ್ತು ನಿಮಿಷ ಕೇಳಿ ನೋಡಿ, ಒಪ್ಪುತ್ತಾಳೆ. ಗೌನ್ ಬಾಡಿಗೆಯದಾಗಿದ್ದರೆ ಅವತ್ತೇ ವಾಪಸ್ ಕೊಡಬೇಕಾ ಅಂತ ವಿಚಾರಿಸಲು ಹೇಳಿ. ಕರೆಯಲ್ಲಿ ಅದನ್ನು ಹಾಕಿಕೊಂಡೇ ಕೂರಲಿ. ಬರೀ ಟೀ ಶರ್ಟಿನಲ್ಲಿ ಕೂತರೆ ಅಜ್ಜಿಗೆ ದಿನಾ ಮಾಡುವ ಕಾಲ್‌ಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅತಿಯಾಯಿತಾ ಅಂದಿರಿ. ನಮ್ಮಲ್ಲಿ ತೋಟದಲ್ಲಿ ಬೋರ್‌ವೆಲ್‌ಗೆ ನೀರು ಬಂದರೂ ನಾಲ್ಕು ಜನರಿಗೆ ಪಾಯಸ ಬಡಿಸುತ್ತೇವೆ. ಇದಕ್ಕೆ ಬೇಡವಾ? ಹಲಸಿನ ಹಣ್ಣಿನ ಕಾಲ, ಎಲೆಯಲ್ಲಿ ಕಡುಬು ಬೇಯಿಸಿ, ಬೆಳಗಿನ ತಿಂಡಿಗೇ ಕರೆಯಿರಿ.

ಇನ್ನು ಅತ್ತೆಯವರನ್ನು ಕೂರಿಸುವ ಜಾಗ. ಎಲ್ಲರೂ ಮಾಡುವ ತಪ್ಪು ಅಂದರೆ ಟಿ.ವಿ. ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ. ಅಜ್ಜಿ ಟಿ.ವಿ.ಯಲ್ಲಿ ಮೊಮ್ಮಗಳನ್ನು ನೋಡುತ್ತಿರುತ್ತಾರೆ, ಮೊಮ್ಮಗಳಿಗೆ ಕಾಣುವುದು ಅಜ್ಜಿಯ ಕಿವಿ. ಲ್ಯಾಪ್‌ಟಾಪನ್ನು ಟಿ.ವಿ.ಯ ಮುಂದೆ, ಸರಿಯಾಗಿ ಅದರ ಕೆಳಗೆ, ಒಂದು ಸ್ಟೂಲಿನ ಮೇಲಿಡಿ. ಅಜ್ಜಿಯ ಕುರ್ಚಿ ಅದರೆದುರು, ನಾಲ್ಕಡಿ ದೂರದಲ್ಲಿ. ಆಗ ಅವರು ಟಿ.ವಿ. ನೋಡಿದರೆ ಅವಳಿಗೆ ತನ್ನನ್ನೇ ನೋಡಿದ ಹಾಗೆ ಕಾಣುತ್ತದೆ. ಮತ್ತೆ, ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲೆ ಒಂದು ತೆಳ್ಳಗಿನ ಬಟ್ಟೆ ಹೊದಿಸಿಡಿ. ಅಜ್ಜಿಯಂದಿರು ಅಕ್ಷತೆ ಹಾಕುವುದು ಪರದೆ ಮೇಲಿನ ಮೊಮ್ಮಕ್ಕಳ ತಲೆಗೇ, ಬೀಳುವುದು ಮಾತ್ರ ಕೀಬೋರ್ಡಿಗೆ. ಅರಿಶಿನ ಹಚ್ಚಿದ ಅಕ್ಕಿಕಾಳನ್ನು ಪಿನ್ನಿನಲ್ಲಿ ಒಂದೊಂದಾಗಿ ತೆಗೆಯುತ್ತಾ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.